ಗುಂಡಿಗೆ ಬೆಚ್ಚದ ಪಾಪಯ್ಯ

ಪಾಪಯ್ಯನ ನೋಟಕ್ಕೆ ಬೆವರದವರು ದೊಡ್ಡಬಳ್ಳಾಪುರದಲ್ಲೇ ಇರಲಿಲ್ಲ. ಬ್ಯಾಂಕಿನ ಬಾಗಿಲಲ್ಲಿ ಜೋಡಿನಳಿಗೆ ಬಂದೂಕು ಹಿಡಿದು ನಿಂತ ಅವನನ್ನು ಯಾರಾದರೂ "ಮ್ಯಾನೇಜರ್ ಇದಾರಾ?" ಎಂದು ಕೇಳಿದರೆ, ಅವನು ಕಣ್ಣು ಮಿಟುಕಿಸದೆ ಅವರ ಬಾಯನ್ನೇ ನೋಡುತ್ತಿದ್ದ. ಆಮೇಲೇ ಉತ್ತರ. ಸುಳ್ಳು ತುಟಿಗೆ ಬರುವ ಮೊದಲೇ ಅವನಿಗೆ ಕಾಣಿಸುತ್ತದೆ ಎಂದು ಒಬ್ಬರು ಹೇಳಿದರು. ಆ ನೋಟಕ್ಕೆ ಸಿಕ್ಕ ಇಬ್ಬರು ದರೋಡೆಕೋರರು ಠೇವಣಿ ಇಟ್ಟು ಹೋದರು ಎಂದು ಇನ್ನೊಬ್ಬರು ಸೇರಿಸಿದರು.

ನಿಜ ಗೊತ್ತಿದ್ದದ್ದು ಹೆಂಡತಿ ಬನಶಂಕರಿಗೆ ಮಾತ್ರ. ಮೂವತ್ತು ವರ್ಷ ವಿದ್ಯುತ್ ಮಗ್ಗಗಳ ನಡುವೆ ಸೀರೆ ನೇಯ್ದವನ ಕಿವಿಯಲ್ಲಿ ಈಗ ಉಳಿದಿದ್ದು ಲಾಳಿಯ ಸದ್ದೊಂದೇ. ಆ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ, ಕಾಣಿಸುತ್ತದೆ. ನೇಯುವವರೆಲ್ಲ ತುಟಿ ಓದಿಯೇ ಸಂಸಾರದ ಸುದ್ದಿ ಮಾತಾಡಿಕೊಳ್ಳುತ್ತಾರೆ.

ಈ ವರ್ಷ ಬ್ಯಾಂಕಿನವರು ಹೊಸ ಆಜ್ಞೆ ಹೊರಡಿಸಿದರು: ನಾಲ್ಕು ದಿನದ ಬಂದೂಕು ತರಬೇತಿ ಮುಗಿಸಿ ಪ್ರಮಾಣಪತ್ರ ತಾರದವನಿಗೆ ಕೆಲಸವಿಲ್ಲ.

"ಕಿವಿ ವಿಷ್ಯ ಬಾಯ್ಬಿಟ್ಬಿಟ್ಟೀರಾ, ಹುಷಾರು! ಬಾಯಿ ನೋಡ್ಕೊಂಡು ಹೆಂಗೋ ಸುಧಾರಿಸ್ಕೊಂಡ್ ಬನ್ನಿ," ಎಂದು ಬನಶಂಕರಿ ಡಬ್ಬಿಗೆ ಚಿತ್ರಾನ್ನ ತುಂಬಿ ಕಳಿಸಿದಳು.

ಆದರೆ ವಿಧಿ ಮೀಸೆಯ ರೂಪದಲ್ಲಿ ಕಾದಿತ್ತು. ತರಬೇತಿಯ ಗುರು ಬೈರೇಶರ ಮೀಸೆ ಮೂಗಿನ ಕೆಳಗೆ ಹುಟ್ಟಿ, ಎರಡೂ ತುಟಿಗಳನ್ನು ನುಂಗಿ, ಗಲ್ಲದ ಗಡಿಯಲ್ಲಿ ಬೀಡುಬಿಟ್ಟಿತ್ತು. ಅದನ್ನು ದಾಟಿ ಒಂದಕ್ಷರವೂ ಕಣ್ಣಿಗೆ ಬೀಳುತ್ತಿರಲಿಲ್ಲ. ಮೂರು ದಿನ ಪಾಪಯ್ಯ ಪಕ್ಕದ ಯೋಗಾನಂದ ಬಂದೂಕು ಹಿಡಿದು ಮಲಗಿದಾಗ ಮಲಗಿದ, ಎದ್ದಾಗ ಎದ್ದ. ಯೋಗಾನಂದ ಹುಣಸೆ ತೋಪಿನ ನಲ್ಲೂರಿನವನು. ಕೊಂಬೆಯ ತುದಿಯ ಒಂದೇ ಹುಣಸೆಕಾಯನ್ನು ಗುಂಡಿಟ್ಟು ಉದುರಿಸಿದ್ದೇನೆಂದು ದಿನಕ್ಕೆರಡು ಸಲ ಹೇಳಿಕೊಳ್ಳುವವನು.

ನಾಲ್ಕನೆಯ ದಿನ ಪರೀಕ್ಷೆ. ಐದು ಗುಂಡು, ಮೂರಾದರೂ ಗುರಿಹಾಳೆಯ ವೃತ್ತದೊಳಗೆ ಬೀಳಬೇಕು.

"ನೆಮ್ಮದಿಯಾಗಿದ್ದಾಗ ಯಾರ್ ಬೇಕಾದ್ರೂ ಹೊಡೀತಾರೆ. ಎದೆ ಡವಡವ ಅನ್ನುವಾಗ ಹೊಡೀರಿ ನೋಡೋಣ!" ಎಂದ ಬೈರೇಶ್, ಹಿಂದೆ ತಗಡಿನ ಡ್ರಮ್ಮು ಬಡಿಸಿದರು, ಸೈರನ್ ಕೂಗಿಸಿದರು, ತಾವೇ ಬೆನ್ನ ಹಿಂದೆ ನಿಂತು, "ಬಂದ್ರು! ಎಡಗಡೆ! ಲೇ, ಸತ್ತೆ ಕಣೋ!" ಎಂದು ಅರಚಿದರು.

ಹುಣಸೆಕಾಯಿ ವೀರ ಪ್ರತಿ ಕೂಗಿಗೂ ಬೆಚ್ಚಿ ಪಕ್ಕಕ್ಕೆ ವಾಲಿದ. ಪಾಪಯ್ಯನ ಕಿವಿಯಲ್ಲಿ ಲಾಳಿ ಎಂದಿನಂತೆ ಅತ್ತಿಂದಿತ್ತ ಓಡಾಡಿಕೊಂಡಿತ್ತು. ಗುಂಡು ಹಾರಿ ಯೋಗಾನಂದನ ಭುಜ ಅದುರಿದಾಗಲೆಲ್ಲ, ಹರಿದ ಎಳೆಯನ್ನು ಹುಡುಕುವ ಕಣ್ಣಲ್ಲಿ ಗುರಿ ನೋಡಿ, ಅವನೂ ಟ್ರಿಗರ್ ಎಳೆದ.

ಯೋಗಾನಂದನ ಹಾಳೆ ಅಂಗಡಿಯಿಂದ ಆಗಷ್ಟೇ ತಂದಂತಿತ್ತು. ಪಾಪಯ್ಯನ ಹಾಳೆಯಲ್ಲಿ, ಹೊಡೆದ ಐದು ಗುಂಡಿಗೆ, ಆರು ತೂತು. ಆರನೆಯದು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ, ಯೋಗಾನಂದನಂತೂ ಕೇಳಲಿಲ್ಲ.

ಪ್ರಮಾಣಪತ್ರದ ಮೇಲೆ ಪೆನ್ನು ಊರಿದ ಬೈರೇಶ್, ಸಹಿ ಹಾಕದೆ, ಎಲ್ಲರನ್ನೂ ಕರೆದು ಸುತ್ತ ನಿಲ್ಲಿಸಿದರು. "ನೋಡ್ರಪ್ಪಾ, ತರಬೇತಿ ಅಂದ್ರೆ ಇದು! ಪಾಪಯ್ಯನೋರೇ, ಅಷ್ಟ್ ಗಲಾಟೇಲೂ ಒಂಚೂರೂ ಬೆಚ್ಚಲಿಲ್ವಲ್ರೀ, ಏನ್ ನಿಮ್ ಗುಟ್ಟು? ಇವ್ರಿಗೂ ಒಂದ್ಮಾತ್ ಹೇಳಿ."

ಪಾಪಯ್ಯ ಕಣ್ಣು ಮಿಟುಕಿಸದೆ ಮೀಸೆಯನ್ನೇ ನೋಡಿದ. ಯೋಗಾನಂದ ರೆಕಾರ್ಡ್ ಮಾಡಿಕೊಳ್ಳಲು ಮೊಬೈಲ್ ತೆಗೆದ. ಬನಶಂಕರಿಯ ಎಚ್ಚರಿಕೆ ಪಾಪಯ್ಯನಿಗೆ ನೆನಪಿತ್ತು. ಆದರೆ ಎದುರಿಗೆ ಇಷ್ಟು ಜನ, ಗುರುಗಳು ಕೇಳಿದ್ದೇನೋ ದೇವರಿಗೇ ಗೊತ್ತು.

"ಸಾರ್," ಎಂದ ಕೊನೆಗೆ, "ಆ ಮೀಸೆ ಒಸಿ ಎತ್ಕೊಂಡು ಇನ್ನೊಂದ್ ಸಲ ಹೇಳಿ. ಏನೂ ಕಾಣಿಸ್ಲಿಲ್ಲ."