ಹಾಸಿಗೆ ಅಂಗಡಿಯಿಂದ ಬಂದ ಅರಿಶಿಣ ಬೂರುಗ

ತೊಂಬತ್ತರ ದಶಕದ ನಡುವಿನ ಮಾತು. ಗಂಡನ ಮನೆ ಬಿಟ್ಟು ಬಂದ ನನಗೆ ತುಮಕೂರಿನಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ಶಿರಾ ಗೇಟ್ ಹತ್ತಿರ ಒಂದು ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದೆ. ದಿನವಿಡೀ ಊರೂರಿನವರನ್ನು ಮಾತಿಗೆ ಜೋಡಿಸಿ ಮನೆಗೆ ಬಂದರೆ ನನ್ನ ಜೊತೆ ಮಾತನಾಡಲು ಯಾರೂ ಇರುತ್ತಿರಲಿಲ್ಲ. ಹಿತ್ತಿಲಲ್ಲಿ ನಾಲ್ಕು ಮಾರು ಮಣ್ಣಿತ್ತು. ಯಾರ ಮನೆಯಲ್ಲೂ ಇಲ್ಲದ ಗಿಡಗಳನ್ನು ಬೀಜದಿಂದಲೇ ಬೆಳೆಸುವ ಹುಚ್ಚು ಹಿಡಿದದ್ದು ಆಗ.

ಬೀದಿಯ ತುದಿಯಲ್ಲಿ ಹಾಸಿಗೆ ಅಂಗಡಿಯಿತ್ತು. ಅಲ್ಲಿ ಅರಳೆ ಎಕ್ಕಿ ಹಾಸಿಗೆಗೆ ತುಂಬುತ್ತಿದ್ದ ಮುದುಕರಿಗೆ ನನ್ನ ಹುಚ್ಚು ಹೇಗೋ ಗೊತ್ತಾಗಿತ್ತು. ಒಂದು ದಿನ ಕರೆದು ಕಾಗದದ ಪೊಟ್ಟಣ ಕೊಟ್ಟರು.

"ಯಾರೋ ಹಳೇ ದಿಂಬು ತಂದಿದ್ರು ಮೇಡಂ. ಅರಳೆ ಒಳಗಡೆ ಈ ಬೀಜ ಇತ್ತು. ಇದು ಕಾಡು ಬೂರುಗ, ಅರಿಶಿಣ ಬೂರುಗ ಅಂತಾರೆ. ಹುಟ್ಟುತ್ತೋ ಇಲ್ವೋ, ಹಾಕಿ ನೋಡಿ."

ಹುರುಳಿಯಷ್ಟು ಗಾತ್ರದ, ಕಲ್ಲಿನಂಥ ಬೀಜಗಳು. ಮೊದಲ ಸಲ ಹಾಕಿದವು ಮಣ್ಣಲ್ಲೇ ಉಳಿದವು. ಬಿಸಿನೀರಲ್ಲಿ ನೆನೆಸಿದವೂ ಹುಟ್ಟಲಿಲ್ಲ. ಕೊನೆಗೆ ಮಿಕ್ಕ ಏಳನ್ನು ಉಪ್ಪುಕಾಗದಕ್ಕೆ ಉಜ್ಜಿ, ಸಿಪ್ಪೆ ತೆಳ್ಳಗಾದ ಮೇಲೆ ರಾತ್ರಿಯಿಡೀ ನೆನೆಸಿ ಹಾಕಿದೆ. ಹನ್ನೊಂದನೆಯ ದಿನ ಒಂದೇ ಒಂದು ಮೊಳಕೆ ತಲೆ ಎತ್ತಿತು.

ಗುಬ್ಬಿಯಲ್ಲಿದ್ದ ಅಮ್ಮನ ಪಕ್ಕದ ಮನೆಗೆ ಫೋನ್ ಮಾಡಿ ಅವಳನ್ನು ಕರೆಸಿದೆ. ಇಡೀ ಊರಲ್ಲಿ ಇಲ್ಲದ ಗಿಡ ಹುಟ್ಟಿದೆ ಎಂದು ಹೇಳಿದೆ.

"ಅದಿರ್ಲಿ ಕಣೇ. ನೀನು ಯಾವಾಗ ವಾಪಸ್ ಹೋಗ್ತೀಯ, ಅದನ್ನ ಹೇಳು," ಎಂದಳು ಅಮ್ಮ.

ಮೊಳಕೆಯ ವಿಷಯ ಮತ್ತೆ ಯಾರಿಗೂ ಹೇಳಲಿಲ್ಲ.

ಎರಡು ವರ್ಷದ ಮೇಲೆ ಕುಣಿಗಲ್ಲಿಗೆ ವರ್ಗವಾಯಿತು. ಗಿಡವನ್ನು ಪೇಂಟ್ ಡಬ್ಬಿಗೆ ಹಾಕಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಬಾಡಿಗೆ ಮನೆಯ ಮುಂದೆ ನೆಟ್ಟೆ. ಚಳಿಗಾಲ ಕಳೆಯುವಷ್ಟರಲ್ಲಿ ಎಲೆಯೆಲ್ಲ ಉದುರಿ ಬರೀ ಕಡ್ಡಿಯಾಯಿತು. ಒಣಗಿಹೋಗಿದೆ, ಕಿತ್ತು ಹಾಕಿಸುತ್ತೇನೆ ಎಂದರು ಮನೆ ಒಡತಿ. ಮಳೆ ಬರುವವರೆಗೆ ಬಿಡಿ ಎಂದು ಬೇಡಿಕೊಂಡೆ. ಚಿಗುರಿತು. ಪ್ರತಿ ವರ್ಷವೂ ಅವರದ್ದು ಅದೇ ಮಾತು, ನನ್ನದು ಅದೇ ಬೇಡಿಕೆ.

ನೆಟ್ಟ ಆರನೆಯ ವರ್ಷ, ಶಿವರಾತ್ರಿ ಕಳೆದ ವಾರ, ಒಂದೂ ಎಲೆಯಿಲ್ಲದ ಕೊಂಬೆಯ ತುದಿಯಲ್ಲಿ ಅಂಗೈಯಗಲದ ಹಳದಿ ಹೂ ಅರಳಿತ್ತು. ಗೇಟಿನ ಬಳಿ ನಿಂತು ನೋಡಿದೆ. ಜನ ಓಡಾಡುತ್ತಿದ್ದರು, ಯಾರೂ ತಲೆ ಎತ್ತಲಿಲ್ಲ. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಹಾಸಿಗೆ ಅಂಗಡಿಯವರ ನೆನಪಾಯಿತು. ರಜೆ ಹಾಕಿ, ಹೂವನ್ನು ಟಿಫನ್ ಬಾಕ್ಸಿನಲ್ಲಿ ಒದ್ದೆ ಬಟ್ಟೆಯ ಮೇಲಿಟ್ಟುಕೊಂಡು ಬಸ್ ಹತ್ತಿದೆ.

ಶಿರಾ ಗೇಟಿನಲ್ಲಿ ಆ ಅಂಗಡಿ ಇರಲಿಲ್ಲ, ಮೊಬೈಲ್ ಅಂಗಡಿ ಬಂದಿತ್ತು. ಮುದುಕರು ಬೆಳ್ಳಾವಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಪಕ್ಕದವರು ಹೇಳಿದರು. ಅಲ್ಲಿಗೂ ಹೋದೆ.

ಮಗಳು ಬಾಗಿಲಲ್ಲೇ ಅಪ್ಪನ ಕಡೆ ನೋಡಿ ಮೆಲ್ಲಗೆ ಹೇಳಿದಳು. "ಅಬ್ಬಾಗೆ ಈಗ ಯಾರೂ ಗುರ್ತು ಸಿಗಲ್ಲ ಅಕ್ಕ. ಬೇಜಾರು ಮಾಡ್ಕೋಬೇಡಿ."

ಅವರು ಮಂಚದ ಮೇಲೆ ಕೂತಿದ್ದರು. ಡಬ್ಬಿ ತೆರೆದೆ. ಹೂ ಬಾಡಿ ಅಂಚು ಮುದುರಿತ್ತು. ಅವರು ಅದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಅರಿಶಿಣ ಬೂರುಗದ್ದು ಎಂದೆ.

"ಅರಳೆ ನೋಡಿದ್ದೆ," ಎಂದರು. "ಹೂ ನೋಡಿರಲಿಲ್ಲ."

ಬೀಜ ಕೊಟ್ಟವರು ನೀವೇ ಎಂದಾಗ ಮುಗುಳ್ನಕ್ಕರು, ಬೇರೆ ಯಾರದೋ ಕಥೆ ಕೇಳುವವರಂತೆ. ಆದರೂ ನಾನು ನಿಲ್ಲಿಸಲಿಲ್ಲ. ಉಪ್ಪುಕಾಗದ, ಪೇಂಟ್ ಡಬ್ಬಿ, ಮನೆ ಒಡತಿ, ಎಲ್ಲವನ್ನೂ ಹೇಳಿದೆ. ಅವರು ಕೇಳದಿದ್ದರೂ ಗಂಡನ ಮನೆಯ ಸಂಗತಿಯನ್ನೂ ಹೇಳಿಬಿಟ್ಟೆ. ಇಷ್ಟು ವರ್ಷದಲ್ಲಿ ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅವರು ಹೂ ಹಿಡಿದುಕೊಂಡೇ ಕೇಳಿದರು. ಮಗಳು ತಂದ ಟೀ ಆರಿಹೋಯಿತು.

ನಾನು ಎದ್ದಾಗ ಅವರು ಮಗಳನ್ನು ಕೇಳಿದರು, ಈಯಮ್ಮ ಯಾರು ಎಂದು.

"ನಿಮ್ಮನ್ನ ನೋಡಕ್ಕೆ ಬಂದವ್ರು ಅಬ್ಬಾ," ಎಂದಳು ಅವಳು.

ತುಮಕೂರಿನ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಹೂ ಅವರ ಕೈಯಲ್ಲೇ ಉಳಿದಿತ್ತು; ಖಾಲಿ ಟಿಫನ್ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ಬದಿಯ ಕಟ್ಟೆಯ ಮೇಲೆ ಕೂತೆ.