ಉಳುಕಿದ ಕಾಲಿಗೆ ಕಟ್ಟಿದ ಪಟ್ಟಿ

ವಾಂಡಾ ನೊವಾಕ್ ಹದಿಮೂರು ವರ್ಷ ಟೆನಿಸ್ ಆಡಿ ಹೊಟ್ಟೆ ಹೊರೆದವಳು. ಹೊಟ್ಟೆ ಹೊರೆದಳು ಅಂದರೆ ಅಷ್ಟೇ, ಹೆಸರಿಲ್ಲ, ಉಳಿತಾಯವೂ ಇಲ್ಲ. ಈಗ ಅರವತ್ತು ದಾಟಿದೆ. ಅಮೆರಿಕದ ಟೊಲೀಡೊ ಊರಿನ ಪಾರ್ಕಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ನಿವೃತ್ತ ಟೀಚರುಗಳಿಗೂ ಡಾಕ್ಟರ ಹೆಂಡತಿಯರಿಗೂ ಬ್ಯಾಕ್‌ಹ್ಯಾಂಡ್ ಹೇಳಿಕೊಡುತ್ತಾಳೆ. ಹೊಸಬರು ಯಾರೇ ಬರಲಿ, ಎರಡನೇ ದಿನ ಕೇಳುವುದು ಒಂದೇ: ನ್ಯೂಯಾರ್ಕಿನ ದೊಡ್ಡ ಟೂರ್ನಿ ಆಡಿದ್ದೀರಾ? ಬಾಗಿಲ ತನಕ ಹೋಗಿದ್ದೆ ಎನ್ನುತ್ತಾಳೆ. ಅವರು ನಗುತ್ತಾರೆ. ಅವಳಿಗೆ ನಗು ಬರುವುದಿಲ್ಲ.

ಗಾಜಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪ, ಬಿರುಕು ಬಿಟ್ಟ ಶಾಲೆಯ ಅಂಗಳದಲ್ಲಿ ಚೆಂಡು ಎಸೆದು ಎಸೆದು ಕಲಿಸಿದ ಆಟ ಅದು. ಟೆನಿಸ್ ಅಂದರೆ ಜನಕ್ಕೆ ಕಾಣುವುದು ವಿಮಾನ, ಚಪ್ಪಾಳೆ. ವಾಂಡಾ ಕಂಡದ್ದು ಹಳೇ ಕಾರು, ಹಿಂದಿನ ಸೀಟಿನಲ್ಲಿ ಒಣಗಲು ಹರವಿದ ಸಾಕ್ಸು, ಮೂರು ಹೊತ್ತೂ ಪೀನಟ್ ಬಟರ್ ಸವರಿದ ಬ್ರೆಡ್ಡು, ಪಕ್ಕದಲ್ಲಿ ಮಾರ್ಲಾ ಟಿಬ್ಸ್. ಆರ್ಕನ್ಸಾ ಕಡೆಯ ಈ ಮಾರ್ಲಾ ಒಂಬತ್ತು ವರ್ಷ ಅವಳ ಡಬಲ್ಸ್ ಜೊತೆಗಾತಿ. ಸೋತ ದಿನ ಇಬ್ಬರೂ ಮಾತಾಡುತ್ತಿರಲಿಲ್ಲ. ಅಂಥ ದಿನಗಳೇ ಹೆಚ್ಚು.

ದೊಡ್ಡ ಟೂರ್ನಿಯೊಳಗೆ ಹೋಗಬೇಕಾದರೆ ಮೊದಲು ಮೂರು ಅರ್ಹತಾ ಪಂದ್ಯ ಗೆಲ್ಲಬೇಕು. ವಾಂಡಾ ನಾಲ್ಕು ವರ್ಷ ಮೂರನೆಯದರಲ್ಲೇ ಸೋತಳು. ಐದನೇ ಸಲವೂ ಅಲ್ಲೇ ಸೋತಾಗ ಅವಳಿಗೆ ಮೂವತ್ತೆರಡು. ಭುಜ ಹೋಗಿತ್ತು. ಇದೇ ಕೊನೆ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು. ಆದರೂ ಸೋತವರಿಗೊಂದು ಆಸೆ ಉಳಿದಿರುತ್ತದೆ. ಒಳಗಿರುವವರು ಯಾರಾದರೂ ಗಾಯವೆಂದು ಹಿಂದೆ ಸರಿದರೆ, ಕಾಯುವವರಲ್ಲಿ ಮೊದಲ ಹೆಸರಿನವಳಿಗೆ ಆ ಜಾಗ. ಆ ವರ್ಷ ಮೊದಲ ಹೆಸರು ವಾಂಡಾಳದು. ಎರಡು ದಿನ ಕಾದಳು, ಯಾರೂ ಸರಿಯಲಿಲ್ಲ. ಮೊದಲ ಸುತ್ತಿನಲ್ಲಿ ಶುರುವಾಗದೆ ಉಳಿದದ್ದು ಒಂದೇ ಪಂದ್ಯ, ಅದು ಸಿಂಗಲ್ಸ್‌ನಲ್ಲೂ ಒಳಗೆ ಜಾಗ ಸಿಕ್ಕಿದ್ದ ಮಾರ್ಲಾಳದು. ಮಾರ್ಲಾ ಹಿಂದಿನ ಸಂಜೆ ಅಭ್ಯಾಸ ಮಾಡುವಾಗ ಕಾಲು ಉಳುಕಿಸಿಕೊಂಡಿದ್ದಳು.

ಆಗಿನ ನಿಯಮದಲ್ಲಿ ಅಂಗಳಕ್ಕಿಳಿದು ಒಂದು ಗೇಮ್ ಆಡಿದರೂ ಮೊದಲ ಸುತ್ತಿನ ಹಣ ಪೂರ್ತಿ, ಇಳಿಯದಿದ್ದರೆ ಬಿಡಿಗಾಸೂ ಇಲ್ಲ. ಅದು ಮಾರ್ಲಾಳ ಅರ್ಧ ವರ್ಷದ ಗಳಿಕೆ. ಕುಂಟುತ್ತ ಇಳಿದು ಚೆಕ್ಕು ತರುವುದು ಎಲ್ಲರೂ ಮಾಡುತ್ತಿದ್ದದ್ದೇ. ತನಗೆ ಅವಕಾಶವಿದ್ದಿದ್ದರೆ ತಾನೂ ಮಾಡುತ್ತಿದ್ದೆ ಎಂಬುದು ವಾಂಡಾಳಿಗೆ ಗೊತ್ತಿತ್ತು. ಗೊತ್ತಿದ್ದರೆ ಸಂಕಟ ಕಡಿಮೆಯಾಗುತ್ತದೆಯೇ?

ಲಾಕರ್ ಕೋಣೆಯಲ್ಲಿ ಮಾರ್ಲಾ ಪಟ್ಟಿಯ ಸುರುಳಿ ತಂದು ಮುಂದಿಟ್ಟಳು. ಒಂಬತ್ತು ವರ್ಷವೂ ಅವಳ ಕಾಲಿಗೆ ಪಟ್ಟಿ ಸುತ್ತುತ್ತಿದ್ದವಳು ವಾಂಡಾ. ಬೇರೆಯವರ ಕೈ ಅವಳಿಗೆ ಆಗುತ್ತಿರಲಿಲ್ಲ.

"ನಿಂತ್ಕೊಳ್ಳೋಕೆ ಆಗುತ್ತೇನೇ?"

"ನೀನು ಕಟ್ಟಿದ್ರೆ ಆಗುತ್ತೆ."

ವಾಂಡಾ ಮಂಡಿಯೂರಿ, ಊದಿ ನೀಲಿಗಟ್ಟಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಒಂಚೂರು ಸಡಿಲ ಬಿಟ್ಟರೆ ಸಾಕಿತ್ತು, ಬಾಗಿಲು ದಾಟುವ ಮೊದಲೇ ಮಾರ್ಲಾ ಕುಸಿದು ಕೂರುತ್ತಿದ್ದಳು. ಬಿಡು ಬಿಡು ಎಂದು ಒಳಗೆ ಹೊಟ್ಟೆಕಿಚ್ಚು ಬಡಿದುಕೊಳ್ಳುತ್ತಿತ್ತು. ಜಾಗ ಬಿಟ್ಟುಕೊಡೆಂದು ಬಾಯಿಬಿಟ್ಟು ಕೇಳಿಬಿಡಲೇ ಎಂದೂ ಅನ್ನಿಸಿತು. ಮಾರ್ಲಾ ಸೂರಿನ ಕಡೆ ನೋಡುತ್ತಿದ್ದಳು. ವಾಂಡಾ ಎಂದಿನ ಹಾಗೆ ಬಿಗಿಯಾಗಿ ಸುತ್ತಿ, ತುದಿ ಹರಿದು ಅಂಟಿಸಿದಳು.

ಮಾರ್ಲಾ ಮೂರು ಗೇಮ್ ಆಡಿ ಕೈಯೆತ್ತಿದಳು. ಹದಿನಾಲ್ಕು ನಿಮಿಷ. ಕುಂಟುತ್ತ ಬಂದು ವಾಂಡಾಳ ಪಕ್ಕದಲ್ಲೇ ಕೂತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅಳುವಷ್ಟು ತ್ರಾಣವೂ ವಾಂಡಾಳಲ್ಲಿ ಉಳಿದಿರಲಿಲ್ಲ.

"ಒಂದು ಮಾತು ಕೇಳಿದ್ರೆ ಬಿಟ್ಕೊಡ್ತಿದ್ದೆ ಕಣೇ," ಎಂದಳು ಮಾರ್ಲಾ.

"ಕೇಳದೇನೇ ಬಿಟ್ಕೊಡ್ತೀಯ ಅಂತ ಕಾಯ್ತಿದ್ದೆ."

ಮಾರ್ಲಾ ಬಗ್ಗಿ ಪಟ್ಟಿ ಬಿಚ್ಚಲು ನೋಡಿದಳು, ನೋವಿಗೆ ಆಗಲಿಲ್ಲ. ವಾಂಡಾಳೇ ಬಿಚ್ಚಿದಳು.