ಐದು ಸೇರು ಜೋಳದ ಚೀಟಿ

ಹಳೇ ಕಾಗದ ಕಂಡರೆ ಕೈ ಸುಮ್ಮನಿರದ ಚಾಳಿ ನನಗೆ ತವರಿನಿಂದ ಬಂದದ್ದು. ಕಾಗದ ನೆನೆಹಾಕಿ, ಮೆಂತ್ಯದ ಜೊತೆ ಅರೆದು ಬಿದಿರು ಬುಟ್ಟಿಗೆ ಮೆತ್ತಿದರೆ ಸಾಸಿವೆಯೂ ಸೋರುವುದಿಲ್ಲ. ಎಪ್ಪತ್ತರ ದಶಕದ ಕೊನೆಗೆ ದೇವದುರ್ಗದ ಸೊಸೆಯಾದೆನಲ್ಲ, ಮೊದಲ ಬೇಸಿಗೆಯಲ್ಲೇ ಜಾಣೆ ಅನ್ನಿಸಿಕೊಳ್ಳುವ ಹುಕಿ. ಅತ್ತೆಯ ಟ್ರಂಕಿನ ತಳದಲ್ಲಿದ್ದ ಮಾಸಲು ಚೀಟಿಗಳ ಕಟ್ಟನ್ನು ಕೇಳದೆ ಹೇಳದೆ ನೀರಿಗೆ ಹಾಕಿದೆ. ಬುಟ್ಟಿ ಬಲು ಚೆಂದ ಬಂತು. ಅತ್ತೆಯೂ ಹೊಗಳಿದರು, ಪಾಪ.

ಆ ಚೀಟಿಗಳು ಏನೆಂದು ತಿಳಿದದ್ದು ಮರುವರ್ಷ, ಹೋರಾಟಗಾರರಿಗೆ ಸರ್ಕಾರ ಪಿಂಚಣಿ ಕೊಡುತ್ತದೆಂಬ ಸುದ್ದಿ ಮನೆಗೆ ಮುಟ್ಟಿದಾಗ. ನಿಜಾಮನ ಕಾಲದಲ್ಲಿ ಅತ್ತೆ ಮಾನ್ವಿ ಕಡೆಯ ತಮ್ಮ ತವರಿನಲ್ಲಿ, ಹೊಳೆಯಾಚೆ ನಿಜಾಮನ ಗಡಿಯ ಹೊರಗಿದ್ದ ಕ್ಯಾಂಪಿನಿಂದ ಕದ್ದು ಬರುತ್ತಿದ್ದ ಹೋರಾಟಗಾರರಿಗೆ ರೊಟ್ಟಿ ಬಡಿದು ಹಾಕಿದ್ದರಂತೆ. ನಿಜಾಮನ ರೊಕ್ಕ ಮುಟ್ಟುವುದಿಲ್ಲವೆಂದು ಆ ಹೋರಾಟಗಾರರ ಹಟ. ಬೇರೆ ರೊಕ್ಕ ಅವರ ಹತ್ತಿರ ಇದ್ದರೆ ತಾನೆ? ತಾವೇ ನೋಟು ಮಾಡಿಕೊಂಡಿದ್ದರು: ಅಂಗೈಯಗಲ ಕಾಗದ, ಕೆಂಪು ಮುದ್ರೆ, ನಮ್ಮ ರಾಜ್ಯ ಬಂದ ಮೇಲೆ ಐದು ಸೇರು ಜೋಳ ಎಂಬ ಬರಹ. ಉಂಡ ರೊಟ್ಟಿಗೆ ಬದಲು ಅದನ್ನೇ ಅತ್ತೆಯ ಕೈಗಿಟ್ಟು ಹೋಗುತ್ತಿದ್ದರಂತೆ. ರಾಜ್ಯ ಬಂತು, ಜೋಳ ಬರಲಿಲ್ಲ. ಈಗ ಪಿಂಚಣಿಗೆ ಅತ್ತೆಯ ಹತ್ತಿರ ಇದ್ದ ಪುರಾವೆ ಅದೊಂದೇ.

ಚೀಟಿ ಹುಡುಕಲು ಅತ್ತೆ ಟ್ರಂಕು ತೆರೆದರು. ಬುಟ್ಟಿ ತಂದು ಮುಂದಿಟ್ಟು ಅತ್ತುಬಿಟ್ಟೆ. ಅವರು ಬಯ್ಯಲಿಲ್ಲ, ಮೂರು ದಿನ ಬುಟ್ಟಿಯನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದರು. ನಾಲ್ಕನೆಯ ದಿನ ಬುಟ್ಟಿಯನ್ನು ಹಳೇ ಸೀರೆಯಲ್ಲಿ ಸುತ್ತಿ, ನನ್ನನ್ನೂ ಎಳೆದುಕೊಂಡು ರಾಯಚೂರು ಬಸ್ಸು ಹತ್ತಿದರು. ಕಂಡಕ್ಟರು ಬದನೆಕಾಯಿ ಎಂದುಕೊಂಡು ಲಗೇಜು ಟಿಕೆಟು ಹರಿಯಲು ಬಂದ.

ಪಿಂಚಣಿ ಅರ್ಜಿ ತೆಗೆದುಕೊಳ್ಳುವ ಕಚೇರಿಯ ಗುಮಾಸ್ತ ಬುಟ್ಟಿಯನ್ನು ತಿರುಗಿಸಿ ನೋಡಿದ, ಮೂಸಿಯೂ ನೋಡಿದ. ಒಂದು ಕಡೆ ಕಡಲೆಬೇಳೆಯಷ್ಟು ಕೆಂಪು ಉಳಿದಿತ್ತು. ಅತ್ತೆ ಅದನ್ನೇ ತೋರಿಸಿ ಮುದ್ರೆ ಎಂದರು. ಕುಂಕುಮವೂ ಇದ್ದೀತು ಎಂದ ಅವನು. ಅಕ್ಕಪಕ್ಕದ ಮೇಜಿನವರೆಲ್ಲ ನಕ್ಕರು.

“ಇಂಥಾ ಶಾಣೇತನ ಯಾರದ್ರಿ, ಯವ್ವಾ?” ಎಂದು ಕೇಳಿದ.

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಹೋರಾಟಕ್ಕೆ ರೊಟ್ಟಿ ಕೊಟ್ಟವಳು ಎಂದು ಒಮ್ಮೆ ಸರ್ಕಾರದ ಕಾಗದದಲ್ಲಿ ಬರೆಸಿಕೊಳ್ಳಲು ಬಂದಿದ್ದ ಹೆಂಗಸು ಅವರು.

“ನಂದ, ಯಪ್ಪಾ,” ಎಂದರು ಅತ್ತೆ. “ಬುಟ್ಟಿ ತೂತು ಬಿದ್ದಿತ್ತು, ಮೆತ್ತಿಬಿಟ್ಟೆ.”

ಅವನು ಅರ್ಜಿ ವಾಪಸು ಕೊಟ್ಟ. ಆವತ್ತಿನಿಂದ ನಾನು ಅವರನ್ನು ಅತ್ತೆ ಅನ್ನಲಿಲ್ಲ, ಹೆತ್ತವಳನ್ನು ಕರೆದಂತೆ ಯವ್ವಾ ಎಂದೇ ಕರೆದೆ.